ಪದ ಬೇಕು (ಅರ್ಜೆಂಟು): ‘ಲಾಟ್ಕೆ’ಗೆ ಕನ್ನಡದಲ್ಲಿ ಏನಂತ ಬರೀಲಿ?

ಎಲ್ಲರಿಗೂ ನಮಸ್ಕಾರ. ನಾನಿರೋದು ನ್ಯೂಜೆರ್ಸಿ. ಇಲ್ಲಿನ ಲೈಬ್ರರಿಯವರು ಹನುಕ್ಕಾ ಹಬ್ಬಕ್ಕೆ ಯಹೂದಿಗಳ ಮನೆ ಲಾಟ್ಕೆ ಮಾಡಿ ತೋರಿಸ್ತಾರೆ, ಹಂಚೋಕೆ ರೆಸಿಪಿ ಕಾರ್ಡು ನಾಲ್ಕೈದು ಭಾಷೇಲಿ ಮಾಡಿಸ್ತಿದಾರೆ, ಕನ್ನಡದ್ದು ನನ್ನ ತಲೆಗೆ ಬಂತು, ನಾಳೆ ಸಂಜೆ ಪ್ರಿಂಟಿಗೆ ಹೋಗ್ಬೇಕು. ವಿಧಾನ ಇಷ್ಟೇ: 1 ಕೆಜಿ ಆಲೂಗಡ್ಡೆ, ಒಂದು ದೊಡ್ಡ ಈರುಳ್ಳಿ ತುರಿದು ಬಟ್ಟೇಲಿ ಕಟ್ಟಿ ಗಟ್ಟಿಯಾಗಿ ಹಿಂಡೋದು, ಹಿಂಡಿದ ನೀರನ್ನ ಹತ್ತು ನಿಮಿಷ ಅಲ್ಲಾಡಿಸದೆ ಬಿಟ್ಟು ಮೇಲಿನ ನೀರು ಬಗ್ಗಿಸಿ ತಳದಲ್ಲಿ ಕೂತ ಬಿಳೀದನ್ನ ವಾಪಸ್ ತುರಿಗೇ ಸೇರಿಸೋದು, 2 ಮೊಟ್ಟೆ, 3-4 ಚಮಚ ಮಾಟ್ಸಾ (ಯಹೂದಿಗಳ ಹುಳಿ ಬರಿಸದ ರೊಟ್ಟಿ) ಪುಡಿ, ಉಪ್ಪು, ಕಾಳುಮೆಣಸು. ಬಾಣಲೇಲಿ ಕಾಲಿಂಚು ಎಣ್ಣೆ ಕಾಯಿಸಿ ಚಮಚದಲ್ಲಿ ಹಾಕಿ, ಒತ್ತಿ, ಎರಡೂ ಕಡೆ ಕೆಂಪಗೆ. ತಲೆಬರಹಕ್ಕೆ ‘ಆಲೂಗಡ್ಡೆ ದೋಸೆ’ ಅಂತ ಹಾಕಿದೀನಿ, ನಡೆಯುತ್ತಾ? ತಳದ ಬಿಳೀದಕ್ಕೆ ‘ಪಿಷ್ಟ’ ಅಂದ್ರೆ ಪಾಠಪುಸ್ತಕ ಆಗುತ್ತೆ, ‘ಗಷ್ಟು’ ಅನ್ನಲಾ? ಶ್ಯಾಲೋ ಫ್ರೈಗೆ ಕ್ರಿಯಾಪದ ಯಾವುದು?
-ವಿ.

———

ದೋಸೆ ಅಲ್ಲವೇ ಅಲ್ಲ. ಹುಯ್ದ್ರೆ ದೋಸೆ, ತಟ್ಟಿದ್ರೆ ರೊಟ್ಟಿ, ಕರಿದ್ರೆ ವಡೆ. ನಿಮ್ಮದು ಹುಯ್ಯೋ ಹಿಟ್ಟಲ್ಲ. ‘ದೋಸೆ’ ಅಂತ ಕಾರ್ಡಲ್ಲಿ ಓದಿದ ಹೆಂಗಸು ಕಾವಲಿಗೆ ಎರಡು ಹನಿ ಎಣ್ಣೆ ಬಿಟ್ಟು ಸುಮ್ನಾಗ್ತಾಳೆ, ಈ ಹಬ್ಬದಲ್ಲಿ ಎಣ್ಣೇನೇ ಮುಖ್ಯ. ಜೆರುಸಲೇಮಿನ ಯಹೂದಿ ದೇವಾಲಯ ಮತ್ತೆ ಶುದ್ಧ ಮಾಡಿದಾಗ ಒಂದು ದಿನಕ್ಕೆ ಸಾಲೋಷ್ಟಿದ್ದ ದೀಪದ ಎಣ್ಣೆ ಎಂಟು ದಿನ ಉರೀತು ಅನ್ನೋ ಕಥೆ, ಅದಕ್ಕೇ ಎಂಟು ದಿನ ದೀಪ, ಅದಕ್ಕೇ ಎಣ್ಣೆ ತಿಂಡಿ. ಕ್ರಿಯಾಪದ ‘ಕರಿ’ ಅಂತಲೇ ಇರಲಿ, ‘ಕಾಲಿಂಚು ಎಣ್ಣೆಯಲ್ಲಿ ಮಗುಚಿ ಕರಿಯಿರಿ’. ಶ್ಯಾಲೋ ಅನ್ನೋದು ಆ ಕಾಲಿಂಚಲ್ಲೇ ಬಂತು. ‘ಗಷ್ಟು’ ಖಂಡಿತ ಬೇಡ, ಗಷ್ಟು ಅಂದ್ರೆ ಚೆಲ್ಲೋದು, ಅದನ್ನ ಚೆಲ್ಲಿದ್ರೆ ನಿಮ್ಮ ಲಾಟ್ಕೆ ಎಣ್ಣೇಲಿ ಬಿಟ್ಕೊಂಡು ಹರಡುತ್ತೆ. ಮಲೆನಾಡಲ್ಲಿ ಕೂವೆ ಗಡ್ಡೆ ಅರೆದು ನೀರಲ್ಲಿ ಕದಡಿ, ತಳಕ್ಕೆ ಕೂತಿದ್ದನ್ನ ಕೂವೆ ಹಿಟ್ಟು ಅಂತೀವಿ. ಇದೂ ಅದೇ ಕೆಲಸ. ‘ತಳದಲ್ಲಿ ಕೂತ ಹಿಟ್ಟು’ ಅನ್ನಿ.
-ಎಸ್.ಕೆ., ತೀರ್ಥಹಳ್ಳಿ

———

ಮೊದಲು ‘ಆಲೂ’ ತೆಗೆಯಿರಿ. ‘ಉರುಳಗಡ್ಡೆ’ ಅನ್ನೋ ಒಳ್ಳೆಯ ಒರೆ ನಮ್ಮ ನುಡಿಯಲ್ಲಿ ಇರುವಾಗ ಬಡಗಣದ ಬಾಶೆಗಳ ಎಂಜಲು ಯಾಕೆ. ತಿಂಡಿಗೂ ಹೆಸರು ಕಟ್ಟಬಹುದು: ಎಣ್ಣೆಯಲ್ಲಿ ತಟ್ಟಿದ್ದು, ‘ಎಣ್ಣೆತಟ್ಟು’. ಅರ್ತ ತಾನಾಗಿಯೇ ತಿಳಿಯುತ್ತದೆ.
-ನುಡಿಗಾರ

———

ಎಣ್ಣೆತಟ್ಟು ಅಂತ ಓದಿದವ್ರು ಬೆರಣಿ ತಟ್ಟೋ ಗೋಡೆ ಕಡೆ ನೋಡ್ತಾರೆ ಸ್ವಾಮಿ. ತಿನ್ನೋ ವಸ್ತು ಇದು.
-ಎಸ್.ಕೆ.

———

ಮಾನ್ಯರೇ, ಯಾರೂ ಗಮನಿಸಿದಂತಿಲ್ಲ. ಲಟ್ಟಿಸು, ಲಟ್ಟಣಿಗೆ, ಲಾಟ್ಕೆ. ಚಪ್ಪಟೆ ಮಾಡುವ ಅರ್ಥ ಮೂರರಲ್ಲೂ ಇದೆ. ಮಲಬಾರಿನ ಕರಾವಳಿಗೆ ಯಹೂದಿ ವ್ಯಾಪಾರಿಗಳು ಬಂದುಹೋಗುತ್ತಿದ್ದರು, ಕೊಚ್ಚಿಯಲ್ಲಿ ನೆಲೆಸಿಯೂ ಇದ್ದರು. ಶಬ್ದ ಇಲ್ಲಿಂದ ಅಲ್ಲಿಗೆ ಹೋಗಿರಲಾರದೇ? ಈ ಬಗ್ಗೆ ವಿವರವಾದ ಲೇಖನ ಬರೆಯುತ್ತಿದ್ದೇನೆ.
-ನಿವೃತ್ತ ಅಧ್ಯಾಪಕ, ಮೈಸೂರು

———

ಮೇಷ್ಟ್ರೇ, ಬೇಡಿ. ಲಾಟ್ಕೆ ಯಿಡ್ಡಿಶ್ (ಪೂರ್ವ ಯೂರೋಪಿನ ಯಹೂದಿಗಳ ಭಾಷೆ) ಪದ, ಅದಕ್ಕೆ ಬಂದಿದ್ದು ರಷ್ಯನ್, ಉಕ್ರೇನಿಯನ್ ಥರದ ಪೂರ್ವ ಸ್ಲಾವಿಕ್ ಭಾಷೆಗಳ ‘ಒಲಾದ್ಕಾ’ದಿಂದ, ಅದರ ಬೇರು ಗ್ರೀಕಿನ ಆಲಿವ್ ಎಣ್ಣೆ ಪದ ‘ಎಲೈಒನ್’. ಕೊಚ್ಚಿ ಯಹೂದಿಗಳು ಆಡ್ತಿದ್ದಿದ್ದು ಮಲಯಾಳ, ಯಿಡ್ಡಿಶ್ ಅಲ್ಲ, ಲಾಟ್ಕೆ ಅವರ ತಿಂಡೀನೂ ಅಲ್ಲ. ಇನ್ನು ಲಟ್ಟಣಿಗೆ ಈ ಅಡುಗೇಲಿ ಮುಟ್ಟೋದೇ ಇಲ್ಲ. ಬೇರು ಬೇಕೇ ಬೇಕು ಅಂದ್ರೆ ನಮ್ಮ ‘ಎಣ್ಣೆ’ ನೋಡಿ, ಎಳ್ಳು + ನೆಯ್. ಅಲ್ಲಿ ಆಲಿವ್ ಇದ್ದ ಜಾಗದಲ್ಲಿ ಇಲ್ಲಿ ಎಳ್ಳು. ಹೀಬ್ರೂನಲ್ಲಿ ಲಾಟ್ಕೆಗೆ ‘ಲೆವಿವೋತ್’ ಅಂತಾರೆ, ಆ ಪದ ಬೈಬಲ್ಲಿನ 2 ಸಮುವೇಲ 13ರಲ್ಲೇ ಇದೆ, ತಾಮಾರಳು ಅಣ್ಣನಿಗೆ ಹಿಟ್ಟು ನಾದಿ ಮಾಡಿಕೊಟ್ಟಿದ್ದು. ಆಗ ಆಲೂಗಡ್ಡೆ ಎಲ್ಲಿತ್ತು? ಅದು ದಕ್ಷಿಣ ಅಮೆರಿಕದ್ದು, ಪೂರ್ವ ಯೂರೋಪಿನ ಬಡವರ ಊಟ ಆಗಿದ್ದು 19ನೇ ಶತಮಾನದ ಹೊತ್ತಿಗೆ. ಅದಕ್ಕೆ ಮುಂಚೆ ಚೀಸಿನದ್ದು, ಬೇರೆ ಹಿಟ್ಟಿನದ್ದು ಮಾಡ್ತಿದ್ರು. ಒಳಗಿನ ಸಾಮಾನು ಬದಲಾದ್ರೂ ಹೆಸರು ನಿಂತಿದೆ ಅಂದ್ಮೇಲೆ ನಾವ್ಯಾಕೆ ‘ಆಲೂಗಡ್ಡೆ ಅದು, ಆಲೂಗಡ್ಡೆ ಇದು’ ಅಂತ ಸಾಮಾನಿನ ಹೆಸರಿಟ್ಟು ಕಟ್ಟಬೇಕು? ಲಾಟ್ಕೆ ಅಂತಲೇ ಬರೀರಿ. ಎಕಾರಾಂತ, ದೋಸೆ ವಡೆ ಥರಾನೇ ವಿಭಕ್ತಿ ಹತ್ತುತ್ತೆ: ಲಾಟ್ಕೆಯನ್ನು, ಲಾಟ್ಕೆಗೆ. ‘ಲಾಟ್ಕೀಸ್’ ಅಂತ ಇಂಗ್ಲಿಷಿನ ಬಹುವಚನ ಮಾತ್ರ ತರಬೇಡಿ.
-ಜಿ.

———

ಉರುಳಗಡ್ಡಿ ಅಂದ್ರ ನಮ್ಮ ಕಡಿ ಯಾರಿಗೂ ತಿಳಿಯಂಗಿಲ್ರಿ, ನಾವು ಬಟಾಟಿ ಅಂತೀವಿ, ಅದು ಪೋರ್ಚುಗೀಸರದು, ಅದಕ್ಕೇನೀಗ? ಗಡ್ಡಿನೇ ಹೊರಗಿಂದ ಬಂದದ, ಹೆಸರು ಮಾತ್ರ ಅಚ್ಚಗನ್ನಡದಾಗ ಇರಬೇಕಂತ. ಬೆಂಗಳೂರಾಗ ಕುಂತು ಅಚ್ಚಗನ್ನಡ ಕಟ್ಟೋರು ಒಮ್ಮೆ ಧಾರವಾಡದ ಸಂತಿಗೆ ಬರ್ರಿ.
-ಪಾಟೀಲ

———

ಮೂವತ್ತು ಹೆಜ್ಜೆಗೆ ಒಂದು ಪದ ಬದಲಾದರೆ ಓದುಬರಹಕ್ಕೆ ಒಂದೇ ಒರೆ ಬೇಡವೇ? ಪೋರ್ಚುಗೀಸಾದರೂ ಪರವಾಗಿಲ್ಲ ಕನ್ನಡದ್ದು ಬೇಡ ಅನ್ನುವುದು ಎಂತಾ ವಾದ.
-ನುಡಿಗಾರ

———

ಕನ್ನಡದ್ದು ಬ್ಯಾಡ ಅಂತ ಯಾರಂದ್ರು? ಬಟಾಟಿ ನಮ್ಮವ್ವನ ಕನ್ನಡರೀ.
-ಪಾಟೀಲ

———

ಜಗಳ ಆಮೇಲೆ ಮಾಡ್ಕೊಳ್ಳಿ ದಯವಿಟ್ಟು. ತಲೆಬರಹ ‘ಲಾಟ್ಕೆ’, ಕೆಳಗೆ ಸಣ್ಣದಾಗಿ ‘ಆಲೂಗಡ್ಡೆ ತುರಿದು ಎಣ್ಣೆಯಲ್ಲಿ ಕರಿದ ಹನುಕ್ಕಾ ತಿಂಡಿ’. ಆಲೂಗಡ್ಡೆ ಇರಲಿ, ಕಾರ್ಡು ತಗೊಳ್ಳೋರಲ್ಲಿ ಬೆಂಗಳೂರು ಕಡೆಯವ್ರೇ ಹೆಚ್ಚು, ಪಾಟೀಲರು ಕ್ಷಮಿಸಬೇಕು. ಇನ್ನೆರಡು ಉಳೀತು: ಆಪಲ್ ಸಾಸು, ಸೋರ್ ಕ್ರೀಮು. ಸೇಬಿನ ಗೊಜ್ಜು ಅನ್ನಬಹುದಾ?
-ವಿ.

———

ಗೊಜ್ಜು ಅಂದ್ರೆ ಹುಣಸೆಹಣ್ಣು, ಖಾರ, ಒಗ್ಗರಣೆ ನೆನಪಾಗುತ್ತೆ, ಯಾರಾದ್ರೂ ನಿಜವಾಗ್ಲೂ ಸಾಸಿವೆ ಸಿಡಿಸಿಬಿಟ್ಟಾರು. ‘ಬೇಯಿಸಿ ಮಸೆದ ಸೇಬು’ ಸಾಕು. ಇನ್ನೊಂದು ಹುಳಿ ಕೆನೆ. ಆದ್ರೆ ಮುಖ್ಯವಾದದ್ದು ಪದ ಅಲ್ಲ. ಹಳೇ ಕ್ರಮದಲ್ಲಿ ಹೆಬ್ಬಾತಿನ ಕೊಬ್ಬಲ್ಲಿ ಕರೀತಿದ್ರು, ಕೆಲವ್ರು ಈಗ್ಲೂ ಕೋಳಿ ಕೊಬ್ಬು ಹಾಕ್ತಾರೆ. ಹಾಗೆ ಕರಿದಿದ್ದಕ್ಕೆ ಹುಳಿ ಕೆನೆ ನಂಚ್ಕೊಳ್ಳೋ ಹಾಗಿಲ್ಲ, ಮಾಂಸ ಹಾಲು ಒಟ್ಟಿಗೆ ಅವರ ಆಹಾರ ನಿಯಮಕ್ಕೆ ಆಗಲ್ಲ. ಸೇಬು ಎರಡಕ್ಕೂ ನಡೆಯುತ್ತೆ. ನಿಮ್ಮ ಕಾರ್ಡಲ್ಲಿ ಬರೀ ‘ಎಣ್ಣೆ ಅಥವಾ ಕೊಬ್ಬು’ ಅಂತಿದ್ರೆ ‘ಕೊಬ್ಬು’ ಹೊಡೆದುಹಾಕಿ, ಇಲ್ದಿದ್ರೆ ಎರಡು ಸಾಲು ಬಿಡಿಸಿ ಬರೀರಿ.
-ಜಿ.

———

‘ಹುಳಿ ಕೆನೆ’. ಇದೊಂದಾದರೂ ನೆಟ್ಟಗಿದೆ.
-ನುಡಿಗಾರ