ವೆಬ್ ನಕ್ಷೆಯ ಡೆಮೊ: ನೀವು ಏನು ತೋರಿಸಿದಿರಿ?

ಪ್ರಶ್ನೆ: ಓಪನ್ ಸೋರ್ಸ್ ವೆಬ್ ನಕ್ಷೆ ಬಗ್ಗೆ ನಮ್ಮ ಕಚೇರಿಯಲ್ಲಿ ಅರ್ಧ ಗಂಟೆ ಡೆಮೊ ಕೊಡಬೇಕು. ನೋಡುವವರಲ್ಲಿ ಪ್ರೋಗ್ರಾಮರ್‌ಗಳು ಕಡಿಮೆ. ಏನು ತೋರಿಸಿದರೆ ಉಪಯೋಗ? ಮಾಡಿದವರು ಹೇಳಿ, ಅಡ್ಡಹೆಸರಿನಲ್ಲಾದರೂ ಸರಿ.

ಪದರ: ನಾನು ಪೋಸ್ಟ್‌ಜಿಐಎಸ್ (ಸ್ಥಳದ ಮಾಹಿತಿ ಇಡುವ ಡೇಟಾಬೇಸ್), ಜಿಯೋಸರ್ವರ್ (ಅದನ್ನು ನಕ್ಷೆಯಾಗಿ ಕೊಡುವ ಸರ್ವರ್), ಓಪನ್‌ಲೇಯರ್ಸ್ (ಬ್ರೌಸರ್‌ನಲ್ಲಿ ನಕ್ಷೆ ತೋರಿಸುವ ಕೋಡ್) ಮೂರನ್ನೂ ಜೋಡಿಸಿಯೇ ತೋರಿಸಿದೆ. ಎಲ್ಲರ ಎದುರಿಗೆ ಡೇಟಾಬೇಸ್ ಟೇಬಲ್‌ನಲ್ಲಿ ಒಂದು ಸಾಲು ಬದಲಿಸಿ ಪುಟ ರಿಫ್ರೆಶ್ ಮಾಡಿದೆ. ಕೆಂಪು ಚುಕ್ಕೆ ಹಸಿರಾಯಿತು. ಅಲ್ಲಿವರೆಗೆ ಫೋನ್ ನೋಡುತ್ತಿದ್ದವರು ಆಗ ತಲೆ ಎತ್ತಿದರು. ಆದರೆ ಖರ್ಚು ಕೇಳಬೇಡಿ. ಬಾಡಿಗೆ ಸರ್ವರ್‌ನಲ್ಲಿ ಮೆಮೊರಿ ಸಾಲದೆ, ಜಿಯೋಸರ್ವರ್ ಓಡಿಸುವ ಜಾವಾ ಬೀಳುತ್ತಲೇ ಇತ್ತು. ದೊಡ್ಡ ಸರ್ವರ್ ತಗೊಂಡೆ. ಡೆಮೊ ಮುಗಿದ ಮೇಲೆ 'ಲಿಂಕ್ ಇರಲಿ' ಅಂದರು, ಬಾಡಿಗೆ ಕಟ್ಟಿದ್ದು ಮಾತ್ರ ನಾನು. 2024ರಲ್ಲಿ ಜಿಯೋಸರ್ವರ್‌ನ ಒಂದು ದೊಡ್ಡ ಭದ್ರತಾ ದೋಷ ಹೊರಬಿತ್ತಲ್ವಾ, ಆಗ ರಾತ್ರಿ ಕೂತು ಅಪ್‌ಡೇಟ್ ಮಾಡಿದ್ದೂ ನಾನೇ.

ಒಂದೇ ಫೈಲ್: ಡೆಮೊಗೆ ಅಷ್ಟೆಲ್ಲಾ ಸರ್ವರ್ ಯಾಕೆ ಸ್ವಾಮಿ? ನಕ್ಷೆಯ ತುಣುಕುಗಳೆಲ್ಲಾ ಒಂದರಲ್ಲೇ ಇರುವ ಒಂದು ಪಿಎಂಟೈಲ್ಸ್ ಫೈಲ್, ಮೇಲೆ ಅದನ್ನು ಬ್ರೌಸರ್‌ನಲ್ಲಿ ಬಿಡಿಸುವ ಮ್ಯಾಪ್‌ಲಿಬ್ರೆ, ಮುಗೀತು. ಬ್ರೌಸರ್ ಬೇಕಾದ ತುಣುಕನ್ನಷ್ಟೇ ಎಳೆದುಕೊಳ್ಳುತ್ತದೆ. ನನಗೆ ಕೊಟ್ಟ ಕೋಣೆಯಲ್ಲಿ ನೆಟ್ ಇರಲಿಲ್ಲ, ಫೈಲ್ ಲ್ಯಾಪ್‌ಟಾಪ್‌ನಲ್ಲೇ ಇದ್ದದ್ದರಿಂದ ನಕ್ಷೆ ಬಂತು. ಊರಿನ ಹೆಸರುಗಳು ಮಾತ್ರ ಒಂದೂ ಬರಲಿಲ್ಲ. ರೆಡಿ ಸಿಕ್ಕ ಸ್ಟೈಲ್ (ನಕ್ಷೆ ಹೇಗೆ ಕಾಣಬೇಕು ಅಂತ ಹೇಳುವ ಫೈಲ್) ಅಕ್ಷರಗಳನ್ನು ಬೇರೆ ಯಾವುದೋ ತಾಣದಿಂದ ತರಿಸುತ್ತಿತ್ತು. ರಸ್ತೆ, ನದಿ ಎಲ್ಲಾ ಇವೆ, ಒಂದಕ್ಕೂ ಹೆಸರಿಲ್ಲ! ಈಗ ಫಾಂಟ್, ಐಕಾನ್ ಎಲ್ಲಾ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ.

ಪದರ: ಆ ಫೈಲ್‌ನಲ್ಲಿ ಒಂದು ಚುಕ್ಕೆ ತಿದ್ದಿ ತೋರಿಸಿ ನೋಡೋಣ. ಪೂರ್ತಿ ಮತ್ತೆ ಕಟ್ಟಬೇಕು ತಾನೇ?

ಒಂದೇ ಫೈಲ್: ತಿದ್ದುವ ಚುಕ್ಕೆಗಳನ್ನು ಜಿಯೋಜೇಸನ್‌ನಲ್ಲಿ (ಸ್ಥಳಗಳನ್ನು ಬರೆದಿಡುವ ಸರಳ ಪಠ್ಯ ಫೈಲ್) ಬೇರೆ ಪದರವಾಗಿ ಹಾಕುತ್ತೇನೆ. ಹಿನ್ನೆಲೆಯ ರಸ್ತೆಗಳನ್ನು ದಿನಾ ಯಾರು ತಿದ್ದುತ್ತಾರೆ?

ಲೀಫ್ಲೆಟ್ ಸಾಕು: ಇಬ್ಬರೂ ಸಲಕರಣೆಯಲ್ಲೇ ಇದ್ದೀರಿ. ನಾನು ಲೀಫ್ಲೆಟ್ (ನಕ್ಷೆ ತೋರಿಸುವ ಹಗುರ ಕೋಡ್) ಮೇಲೆ ನೋಡುವವರದೇ ಕಚೇರಿಯ ದೂರುಗಳ ಎಕ್ಸೆಲ್ ಹಾಳೆ ಹಾಕಿದೆ, ಅಷ್ಟೇ. ಸಮಯ ತಿಂದದ್ದು ಕೋಡ್ ಅಲ್ಲ, ಆ ಹಾಳೆ. ಒಂದೇ ಬೀದಿಗೆ ಬಗೆಬಗೆಯ ಸ್ಪೆಲಿಂಗ್, ಖಾಲಿ ವಿಳಾಸ. ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು, ಲೀಫ್ಲೆಟ್‌ಗೆ ಅಕ್ಷಾಂಶ ಮೊದಲು. ಹಾಳೆಯಲ್ಲಿ ಎರಡೂ ಬೆರೆತು ಅರ್ಧ ಚುಕ್ಕೆಗಳು ಸಮುದ್ರಕ್ಕೆ ಬಿದ್ದಿದ್ದವು. ಎಲ್ಲಾ ಸರಿಮಾಡಿ ತೋರಿಸಿದಾಗ 'ಈ ಮೂಲೆಯಲ್ಲೇ ಯಾಕೆ ಇಷ್ಟು ದೂರು?' ಅಂತ ಅವರೇ ಜಗಳಕ್ಕೆ ಬಿದ್ದರು. ನನಗೆ ಬೇಕಿದ್ದದ್ದೂ ಅದೇ.

ಜೂಮ್: ನೆಟ್ ಕೈಕೊಟ್ಟರೆ? ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಮಾಡುವ ಮುಕ್ತ ನಕ್ಷೆ) ಟೈಲ್‌ಗಳನ್ನು, ಅಂದರೆ ನಕ್ಷೆಯ ಚೌಕ ತುಣುಕುಗಳನ್ನು, ಹಿಂದಿನ ದಿನವೇ ಸ್ಕ್ರಿಪ್ಟ್ ಹಾಕಿ ಇಳಿಸಿಡಿ. ನಾನು ಹಾಗೇ ಮಾಡೋದು.

ಲೀಫ್ಲೆಟ್ ಸಾಕು: ದಯವಿಟ್ಟು ಇದನ್ನು ಹೇಳಿಕೊಡಬೇಡಿ. ಅವರ ನಿಯಮದಲ್ಲಿ ಅದಕ್ಕೆ ಅನುಮತಿಯೇ ಇಲ್ಲ. ದೇಣಿಗೆಯಲ್ಲಿ ನಡೆಯುವ ಸರ್ವರ್ ಅದು.

ಜೂಮ್: ಒಂದು ಊರಿನ ಟೈಲ್‌ಗಳಿಂದ ಏನಾಗುತ್ತೆ?

ಒಂದೇ ಫೈಲ್: ಪ್ರತಿ ಜೂಮ್‌ಗೂ ಟೈಲ್ ನಾಲ್ಕು ಪಟ್ಟು. 14ನೇ ಮಟ್ಟಕ್ಕೆ ಇಡೀ ಜಗತ್ತಿಗೆ 26 ಕೋಟಿಗೂ ಜಾಸ್ತಿ. ಎಲ್ಲರೂ 'ಒಂದೇ ಊರು' ಅಂದರೆ ಎಲ್ಲಿಗೆ ಹೋಗಿ ನಿಲ್ಲುತ್ತೆ? ಡೇಟಾ ಇಳಿಸಿಕೊಳ್ಳಿ, ಟೈಲ್ ನೀವೇ ಮಾಡಿಕೊಳ್ಳಿ. ಡೇಟಾ ಬಳಸಲು ಅಡ್ಡಿಯಿಲ್ಲ, ನಕ್ಷೆಯ ಮೂಲೆಯಲ್ಲಿ ಅವರ ಹೆಸರು ಇರಬೇಕು.

ಪದರ: ಇದೊಂದರಲ್ಲಿ ಒಂದೇ ಫೈಲ್ ಹೇಳಿದ್ದು ಸರಿ. ಸರ್ವರ್ ವಿಷಯದಲ್ಲಿ ಈಗಲೂ ಒಪ್ಪಲ್ಲ.