‘ಸಾವಕಾಶ ತೆಗೆಯೋದು’, ‘ಬರ್ಸ್ಟ್ ಹೊಡೆಯೋದು’: ಇವಕ್ಕೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಗಂಗಾವತಿ ಕಡೆಯ ಹುಡುಗರಿಗೆ ಕ್ಯಾಮೆರಾ ಹೇಳಿಕೊಡಲು ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಎರಡು ಪದ ಸಿಗದೆ ಕೆಲಸ ನಿಂತಿದೆ. ಒಂದು, ನೋಡಿ, ಯೋಚಿಸಿ, ಬೆಳಕಿಗೆ ಕಾದು ಒಂದೇ ಫೋಟೋ ತೆಗೆಯುವ ರೀತಿ. ಇನ್ನೊಂದು, ಬಟನ್ ಒತ್ತಿ ಹಿಡಿದು ಒಂದೇ ಸಮನೆ ಹೊಡೆದು, ಆಮೇಲೆ ಕಂಪ್ಯೂಟರ್ ಮುಂದೆ ಕೂತು ಆರಿಸುವ ರೀತಿ.

ಮೊದಲನೆಯದನ್ನು ‘ನಿಧಾನ ಫೋಟೋಗ್ರಫಿ’ ಅಂದರೆ ಓದಿದವರು ಸ್ಲೋ ಶಟರ್, ಅಂದರೆ ಬೆಳಕು ಒಳಗೆ ಬಿಡುವ ಕ್ಯಾಮೆರಾದ ಪರದೆಯನ್ನು ಹೆಚ್ಚು ಹೊತ್ತು ತೆರೆದಿಡುವುದು, ಅಂದುಕೊಳ್ಳುತ್ತಾರೆ. ಸಾಣಾಪುರದ ಹತ್ತಿರ ಶಟರ್ ಒಂದು ಸೆಕೆಂಡ್ ತೆರೆದಿಟ್ಟು ಹರಿಯುವ ನೀರು ಮಸುಕಾಗಿ ಬರುವ ಹಾಗೆ ತೆಗೆಯುತ್ತಾರಲ್ಲ, ಅದು. ಆದರೆ ಗಂಟೆಗಟ್ಟಲೆ ಕಾದು ತೆಗೆದ ಫೋಟೋದ ಶಟರ್ 1/1000 ಸೆಕೆಂಡ್ ಕೂಡ ಇರಬಹುದು. ಎರಡೂ ನಿಧಾನಗಳು ಒಂದೇ ಆಗಿದ್ದ ಕಾಲವೂ ಇತ್ತು ಅನ್ನಿ. 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಫೋಟೋಗಳನ್ನು ತೆಗೆದದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್ ಮೇಲೆ. ಅಂಥ ಕಾಗದಕ್ಕೆ ಬೆಳಕು ನಿಮಿಷಗಟ್ಟಲೆ ಬೀಳಬೇಕು, ಅವಸರ ಮಾಡುತ್ತೇನೆ ಅಂದರೂ ನಡೆಯುತ್ತಿರಲಿಲ್ಲ.

ನನ್ನ ಮನಸ್ಸು ‘ಸಾವಕಾಶ’ದ ಕಡೆ ಇದೆ. ನಮ್ಮ ಕಡೆ ‘ಸಾವಕಾಶ ಹೋಗ್ರಿ’ ಅಂದರೆ ಬರೀ ನಿಧಾನ ಅಲ್ಲ, ನೋಡಿಕೊಂಡು ಹೋಗ್ರಿ ಅನ್ನುವುದೂ ಅದರಲ್ಲಿದೆ. ಮೈಸೂರು ಕಡೆಯವರ ಕಿವಿಗೆ ಇದು ಹೇಗೆ ಕೇಳುತ್ತದೆ?

ಎರಡನೆಯದೇ ಜಾಸ್ತಿ ಕಗ್ಗಂಟು. ಸ್ಟುಡಿಯೋದವರು ಸುಮ್ನೆ ‘ಬರ್ಸ್ಟ್’ ಅಂತಾರೆ. ‘ನಿರಂತರ ಚಿತ್ರೀಕರಣ’ ಅಂದರೆ ಸಿನಿಮಾ ಶೂಟಿಂಗ್ ಅನ್ನಿಸುತ್ತದೆ, ಅಲ್ವಾ? ನಿಜ ಹೇಳಬೇಕೆಂದರೆ ‘ಹೊಡಿ’ಯೇ ಅರ್ಧ ಕೆಲಸ ಮಾಡಿಬಿಡುತ್ತದೆ. ಅಜ್ಜಿಯನ್ನು ಕೂರಿಸಿ ‘ಒಂದು ಫೋಟೋ ತೆಗಿ’ ಅನ್ನುತ್ತೇವೆ, ಮದುವೆ ಮನೆಯಲ್ಲಿ ಮಾತ್ರ ‘ಹೊಡೆದದ್ದೇ ಹೊಡೆದದ್ದು’. ಸೆಕೆಂಡಿಗೆ 20 ಫ್ರೇಮ್ ಓಡುವ ಕ್ಯಾಮೆರಾದಲ್ಲಿ ಹಳೆಯ ರೀಲಿನ 36 ಫೋಟೋ ಎರಡು ಸೆಕೆಂಡಿನೊಳಗೆ ಖಾಲಿ.

ಆದರೆ ‘ಹೊಡೆದದ್ದೇ ಹೊಡೆದದ್ದು’ ಅನ್ನುವುದರಲ್ಲಿ ಒಂದು ಬೈಗುಳವೂ ಇದೆ, ಅಲ್ಲೇ ನನಗೆ ತೊಡಕು. ದರೋಜಿ ಕರಡಿಧಾಮದಲ್ಲಿ ಕರಡಿ ಬಂಡೆ ಇಳಿದು ಬರುವವರೆಗೆ ಮಧ್ಯಾಹ್ನವೆಲ್ಲ ಕಾದು, ಅದು ತಲೆ ಎತ್ತಿದ ಕೂಡಲೇ ಬಟನ್ ಒತ್ತಿ ಹಿಡಿಯುವವನನ್ನು ಯಾವ ಗುಂಪಿಗೆ ಸೇರಿಸೋಣ? ಕಾದದ್ದೂ ಹೌದು, ಹೊಡೆದದ್ದೂ ಹೌದು. ಹಾರುವ ಹಕ್ಕಿಯ ರೆಕ್ಕೆ ಯಾವ ಕ್ಷಣಕ್ಕೆ ಎಲ್ಲಿರುತ್ತದೆ ಅಂತ ಎಷ್ಟೇ ಯೋಚಿಸಿದರೂ ಬೆರಳಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಕ್ಯಾಮೆರಾದ ಆ ಸೌಕರ್ಯಕ್ಕೆ ಒಂದು ಪದ ಬೇಕು, ಯೋಚನೆಯಿಲ್ಲದೆ ಹೊಡೆಯುವ ಚಾಳಿಗೆ ಬೇರೆಯೇ ಪದ ಬೇಕು.

ಕ್ಯಾಮೆರಾದ ಸೌಕರ್ಯಕ್ಕೆ ಸರಪಟಾಕಿಯ ಹಾಗೆ ‘ಸರ ಹೊಡೆಯುವುದು’, ‘ಸರ ಫೋಟೋ’ ಅಂದರೆ ನಡೆದೀತಾ? ಹುಡುಗರು ನಗಬಹುದು, ಆದರೆ ನೆನಪಿಟ್ಟುಕೊಳ್ಳುತ್ತಾರೆ. ಚಾಳಿಗೆ ಮಾತ್ರ ಇನ್ನೂ ಏನೂ ಹೊಳೆದಿಲ್ಲ. ರಾಯಚೂರು, ಬಳ್ಳಾರಿ ಕಡೆ ಸ್ಟುಡಿಯೋ ಇಟ್ಟವರ ಬಾಯಲ್ಲಿ ಇದಕ್ಕೆ ಏನಾದರೂ ಮಾತು ಓಡಾಡುತ್ತಿದ್ದರೆ ದಯವಿಟ್ಟು ತಿಳಿಸಿ, ಅದು ಬೈಗುಳವಾದರೂ ಪರವಾಗಿಲ್ಲ.