ಕಾಮಾ ಇದ್ದರೆ ಒಂದರ್ಥ, ಇಲ್ಲದಿದ್ದರೆ ಇನ್ನೊಂದು: ಕನ್ನಡದಲ್ಲಿ ಇದನ್ನು ಹೇಗೆ ಹೇಳುವುದು?

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷ್‌ನ ರಿಲೇಟಿವ್ ಕ್ಲಾಸ್ (clause, ಉಪವಾಕ್ಯ) ಬಗ್ಗೆ ಒಂದು ಪ್ರಶ್ನೆ. ಹೂ, ವಿಚ್, ದಟ್ ಹಾಕಿ ಒಂದು ನಾಮಪದ ಆದಮೇಲೆ ಇನ್ನೊಂದು ವಾಕ್ಯವನ್ನೇ ಜೋಡಿಸುತ್ತಾರಲ್ಲ, ಅದು. ಪಿಯುಸಿ ಮಕ್ಕಳಿಗೆ ಇದನ್ನು ಕನ್ನಡದಲ್ಲಿ ವಿವರಿಸುವಾಗ ನನಗೆ ಪ್ರತಿಸಲ ಒಂದೇ ಕಡೆ ತೊಡಕಾಗುತ್ತದೆ.

ಈ ಎರಡು ವಾಕ್ಯ ನೋಡಿ. ‘ದ ಸ್ಟೂಡೆಂಟ್ಸ್ ಹೂ ಪೇಯ್ಡ್ ದ ಫೀಸ್ ಗಾಟ್ ಹಾಲ್ ಟಿಕೆಟ್ಸ್.’ ‘ದ ಸ್ಟೂಡೆಂಟ್ಸ್, ಹೂ ಪೇಯ್ಡ್ ದ ಫೀಸ್, ಗಾಟ್ ಹಾಲ್ ಟಿಕೆಟ್ಸ್.’ ಪದಗಳಲ್ಲಿ ಏನೂ ಬದಲಾಗಿಲ್ಲ. ಆದರೆ ಮೊದಲನೆಯದರಲ್ಲಿ ಫೀಸು ಕಟ್ಟಿದವರಿಗೆ ಮಾತ್ರ ಟಿಕೆಟ್ ಸಿಕ್ಕಿದೆ. ಕಟ್ಟದೆ ಉಳಿದವರೂ ಇದ್ದಾರೆ. ಎರಡನೆಯದರಲ್ಲಿ ಎಲ್ಲರೂ ಕಟ್ಟಿದ್ದಾರೆ, ಎಲ್ಲರಿಗೂ ಸಿಕ್ಕಿದೆ. ಮೊದಲನೆಯದು ಆರಿಸುತ್ತದೆ, ಎರಡನೆಯದು ಸುಮ್ನೆ ಒಂದು ವಿವರ ಸೇರಿಸುತ್ತದೆ. ವ್ಯತ್ಯಾಸ ಇರುವುದೆಲ್ಲ ಆ ಎರಡು ಕಾಮಾಗಳಲ್ಲಿ. ಮಾತಾಡುವಾಗ ಅದೇ ಜಾಗದಲ್ಲಿ ದನಿ ಸ್ವಲ್ಪ ತಡೆಯುತ್ತದೆ.

ಕನ್ನಡಕ್ಕೆ ತಂದರೆ? ‘ಫೀಸು ಕಟ್ಟಿದ ವಿದ್ಯಾರ್ಥಿಗಳಿಗೆ ಹಾಲ್ ಟಿಕೆಟ್ ಸಿಕ್ಕಿತು.’ ಎರಡಕ್ಕೂ ಇದೇ ವಾಕ್ಯ. ಓದುವವರು ಹೆಚ್ಚಾಗಿ ಮೊದಲನೇ ಅರ್ಥವನ್ನೇ ಹಿಡಿಯುತ್ತಾರೆ, ನಿಜ. ಆದರೆ ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ’ ಅನ್ನುವ ಗಾದೆ ತೆಗೆದುಕೊಳ್ಳಿ. ಹುಟ್ಟಿಸದ ದೇವರು ಬೇರೊಬ್ಬ ಇದ್ದಾನೆ ಅಂತ ಅಲ್ಲಿ ಯಾರೂ ಅಂದುಕೊಳ್ಳುವುದಿಲ್ಲ. ‘ಹುಟ್ಟಿಸಿದ’ ಅನ್ನುವುದು ಆ ದೇವರ ಹೊಣೆಯನ್ನು ನೆನಪಿಸುತ್ತದೆ, ಅಷ್ಟೇ. ‘ಕಟ್ಟಿದ’, ‘ಹುಟ್ಟಿಸಿದ’ ಎರಡೂ ಒಂದೇ ಬಗೆಯ ಕೃದಂತ, ಅಂದರೆ ಕ್ರಿಯಾಪದದಿಂದ ಹುಟ್ಟಿ ನಾಮಪದವನ್ನು ಬಣ್ಣಿಸುವ ರೂಪ. ಕೆಲಸ ಮಾತ್ರ ಬೇರೆ ಬೇರೆ.

ಸಾಮಾನ್ಯವಾಗಿ ತರಗತಿಯಲ್ಲಿ ‘ಯಾವ ವಿದ್ಯಾರ್ಥಿಗಳು ಫೀಸು ಕಟ್ಟಿದರೋ ಅವರಿಗೆ’ ಅಂತ ಬಿಡಿಸಿ ಹೇಳುತ್ತೇವೆ. ನನ್ನ ಪ್ರಕಾರ ಇದು ಅರ್ಧ ಮಾತ್ರ ಸರಿ. ಯಾವ-ಅವರು ಜೋಡಿ ಆರಿಸುವುದಕ್ಕೆ ಮಾತ್ರ ಒಗ್ಗುತ್ತದೆ. ‘ಮೈ ಮದರ್, ಹೂ ಲಿವ್ಸ್ ಇನ್ ಮೈಸೂರು’ ಅನ್ನುವುದನ್ನು ‘ಯಾವ ನನ್ನ ತಾಯಿ ಮೈಸೂರಿನಲ್ಲಿದ್ದಾರೋ ಅವರು’ ಅಂತ ಮಾಡಿದರೆ ಎಷ್ಟು ಜನ ತಾಯಂದಿರು ಅಂತ ಕೇಳಬೇಕಾಗುತ್ತದೆ, ಅಲ್ವಾ? ಇಂಥ ಕಡೆ ವಾಕ್ಯ ಒಡೆಯುವುದೇ ವಾಸಿ: ‘ನನ್ನ ತಾಯಿ ಮೈಸೂರಿನಲ್ಲಿದ್ದಾರೆ. ಅವರು...’ ಹಾಗೇ ‘ವಿದ್ಯಾರ್ಥಿಗಳೆಲ್ಲ ಫೀಸು ಕಟ್ಟಿದ್ದರು, ಅವರಿಗೆ ಹಾಲ್ ಟಿಕೆಟ್ ಸಿಕ್ಕಿತು.’

ಪದಗಳ ಸಾಲು ಬದಲಿಸಿದರೂ ಸ್ವಲ್ಪ ವ್ಯತ್ಯಾಸ ಕೇಳಿಸುತ್ತದೆ. ‘ನನ್ನ ಮೈಸೂರಿನಲ್ಲಿರುವ ಅಣ್ಣ’ ಅಂದರೆ ಅಣ್ಣಂದಿರು ಹಲವರಿದ್ದಾರೆ, ಅವರಲ್ಲಿ ಮೈಸೂರಿನವನು ಅಂತ ನನ್ನ ಕಿವಿಗೆ. ‘ಮೈಸೂರಿನಲ್ಲಿರುವ ನನ್ನ ಅಣ್ಣ’ ಅಂದರೆ ಒಬ್ಬನೇ ಅಣ್ಣ ಇದ್ದರೂ ನಡೆಯುತ್ತದೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಸಂಗತಿ. ಮಕ್ಕಳು ‘ದ ಹೌಸ್ ವಿಚ್ ಐ ಲಿವ್’ ಅಂತ ಬರೆದು ‘ಇನ್’ ಬಿಡುತ್ತಾರೆ. ಇದು ಅಜಾಗರೂಕತೆಯಲ್ಲ. ‘ನಾನು ಮನೆಯಲ್ಲಿ ಇದ್ದೇನೆ’ ಅನ್ನುವುದು ‘ನಾನು ಇರುವ ಮನೆ’ ಆದಾಗ ‘ಅಲ್ಲಿ’ ಪ್ರತ್ಯಯವೇ ಹೋಗುತ್ತದೆ. ‘ಚಾಕುವಿನಿಂದ ಹೆಚ್ಚಿದೆ’ ಅನ್ನುವುದು ‘ಹೆಚ್ಚಿದ ಚಾಕು’ ಆಗುತ್ತದೆ. ಕನ್ನಡ ವಿಭಕ್ತಿಯನ್ನು ಕೈಬಿಟ್ಟು ಸಂದರ್ಭವನ್ನು ನಂಬುತ್ತದೆ. ಇಂಗ್ಲಿಷ್ ಬಿಡುವುದಿಲ್ಲ. ‘ಇನ್ ವಿಚ್ ಐ ಲಿವ್’ ಅನ್ನಬೇಕು, ಇಲ್ಲವೇ ‘ಇನ್’ ಅನ್ನು ಕೊನೆಗೆ ಹಾಕಬೇಕು. ಮಕ್ಕಳಿಗೆ ಕನ್ನಡದ ಎರಡೂ ವಾಕ್ಯ ಬೋರ್ಡಿನ ಮೇಲೆ ಬರೆದು, ಕಳೆದುಹೋದ ಪ್ರತ್ಯಯ ಯಾವುದು ಅಂತ ಅವರಿಂದಲೇ ಹುಡುಕಿಸಿದರೆ ಬೇಗ ತಿಳಿಯುತ್ತದೆ.

ದಟ್-ವಿಚ್ ಜಗಳಕ್ಕೆ ನಾನು ಹೆಚ್ಚು ಹೋಗುವುದಿಲ್ಲ. ಆರಿಸುವುದಕ್ಕೆ ದಟ್, ಸೇರಿಸುವುದಕ್ಕೆ ವಿಚ್ ಎಂದು ಹಂಚಿಕೊಂಡರೆ ಒಳ್ಳೆಯದು ಅಂತ ಫೌಲರ್ 1926ರ ತಮ್ಮ ಇಂಗ್ಲಿಷ್ ಬಳಕೆಯ ನಿಘಂಟಿನಲ್ಲಿ ಸಲಹೆ ಕೊಟ್ಟರು. ಹೆಚ್ಚಿನ ಬರಹಗಾರರು ಹಾಗೆ ಬರೆಯುವುದಿಲ್ಲ ಅಂತ ಅವರೇ ಒಪ್ಪಿದ್ದರು. ಪರ್ಲ್ ಹಾರ್ಬರ್ ದಾಳಿಯ ಮರುದಿನ, 1941ರ ಡಿಸೆಂಬರ್ 8ರಂದು, ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ‘ಎ ಡೇಟ್ ವಿಚ್ ವಿಲ್ ಲಿವ್ ಇನ್ ಇನ್ಫಮಿ’ ಅಂದರು. ಅದು ಆರಿಸುವ ವಿಚ್ಚೇ. ಕಾಮಾ ಹಾಕಿದ ಮೇಲೆ ದಟ್ ಬೇಡ ಅನ್ನುವುದನ್ನು ಮಾತ್ರ ಮಕ್ಕಳು ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು.

ನನ್ನ ಪ್ರಶ್ನೆಗಳು ಇವು. ವಾಕ್ಯ ಒಡೆಯದೆ, ಕೃದಂತವನ್ನು ಇಟ್ಟುಕೊಂಡೇ, ‘ಇದು ಆರಿಸುವ ಮಾತಲ್ಲ’ ಅಂತ ಬರಹದಲ್ಲಿ ತೋರಿಸುವ ದಾರಿ ಕನ್ನಡದಲ್ಲಿ ಇದೆಯೇ? ‘ನನ್ನ ಮೈಸೂರಿನಲ್ಲಿರುವ ಅಣ್ಣ’ದ ಬಗ್ಗೆ ನನ್ನ ಕಿವಿ ಹೇಳುವುದು ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರಿಗೂ ಹಾಗೇ ಕೇಳಿಸುತ್ತದೆಯೇ? ಕಾನೂನು, ಸರ್ಕಾರಿ ಆದೇಶ ಅನುವಾದಿಸುವವರು ಇದ್ದರೆ ದಯವಿಟ್ಟು ಉದಾಹರಣೆ ಕೊಡಿ. ಅಲ್ಲಿ ಯಾರು ಸೇರುತ್ತಾರೆ, ಯಾರು ಸೇರುವುದಿಲ್ಲ ಅನ್ನುವುದು ಈ ಒಂದು ಕೃದಂತದ ಮೇಲೇ ನಿಂತಿರಬಹುದು.